ಕಾಫಿಗೆ ಕರೆದವರ ಲೆಕ್ಕಪುಸ್ತಕ

ಜನರನ್ನು ಸೇರಿಸಿ ದುಡ್ಡು ಮಾಡಿ ಎನ್ನುವ ನೆಟ್‌ವರ್ಕ್ ಮಾರ್ಕೆಟಿಂಗಿನವರ ಮೊದಲ ಕರೆಯಲ್ಲಿ ಕಂಪನಿಯ ಹೆಸರು ಬರುವುದಿಲ್ಲ. ಪಿಯುಸಿಯಲ್ಲಿ ಜೊತೆಗಿದ್ದು ಆಮೇಲೆ ಸುದ್ದಿಯೇ ಇಲ್ಲದವನು ‘ಏನ್ ಮಗಾ, ಬೆಂಗ್ಳೂರಲ್ಲೇ ಇದೀಯಂತೆ?’ ಎಂದು ಮೆಸೇಜು ಹಾಕುತ್ತಾನೆ. ಎರಡು ದಿನ ಊರು, ಮನೆ, ಮದುವೆಯ ಮಾತು. ಮೂರನೆಯ ದಿನ ‘ನಾವೊಂದಿಷ್ಟು ಜನ ಸೇರಿ ಇ-ಕಾಮರ್ಸ್ ಪ್ರಾಜೆಕ್ಟ್ ಮಾಡ್ತಿದೀವಿ, ಭಾನುವಾರ ಅರ್ಧ ಗಂಟೆ ಸಿಗ್ತೀಯಾ?’ ಏನು ಪ್ರಾಜೆಕ್ಟು ಎಂದರೆ ‘ಫೋನಲ್ಲಿ ಹೇಳೋದಲ್ಲ ಮಗಾ, ನೋಡಿದ್ರೇ ಗೊತ್ತಾಗೋದು.’ ಗುರುತಿಲ್ಲದವರಾದರೆ ದಾರಿ ಬೇರೆ. ಮಾಲ್‌ನ ಸೂಪರ್‌ಮಾರ್ಕೆಟ್ಟಿನಲ್ಲೋ ಪುಸ್ತಕದ ಅಂಗಡಿಯಲ್ಲೋ ಇಸ್ತ್ರಿ ಮುರಿಯದ ಬಟ್ಟೆ ತೊಟ್ಟ ಗಂಡ-ಹೆಂಡತಿ ‘ನಿಮ್ಮ ಶೂ ಚೆನ್ನಾಗಿದೆ ಸರ್, ಎಲ್ಲಿ ತಗೊಂಡ್ರಿ?’ ಎಂದು ಮಾತು ತೆಗೆದು, ಯಾವ ಕಂಪನಿ, ಯಾವ ಏರಿಯಾ ವಿಚಾರಿಸಿ, ಐದು ನಿಮಿಷದಲ್ಲಿ ನಂಬರ್ ಪಡೆದು ಹೋಗುತ್ತಾರೆ. ಲಾಲ್‌ಬಾಗಿನಲ್ಲಿ, ಸ್ಯಾಂಕಿ ಕೆರೆಯ ಸುತ್ತ ಬೆಳಗಿನ ವಾಕಿಂಗಿನವರ ಹತ್ತಿರ ಬರುವವರು ತೂಕ, ಶುಗರ್, ಮಂಡಿನೋವಿನಿಂದ ಆರಂಭಿಸುತ್ತಾರೆ. ಪೀಣ್ಯದ ಪಾಳಿ ಮುಗಿಸಿ ಬರುವವರಿಗೂ ಬಿಟಿಎಂ ಲೇಔಟಿನ ಪಿಜಿಯಲ್ಲಿ ಕೆಲಸ ಹುಡುಕುತ್ತ ಕುಳಿತವರಿಗೂ ಅದೇ ಸರಕು ‘ಪಾರ್ಟ್ ಟೈಮ್ ಕೆಲಸ’ ಎಂಬ ಹೆಸರಿನಲ್ಲಿ ತಲುಪುತ್ತದೆ.

ಹೆಸರು ಮುಚ್ಚಿಡುವುದು ಸಂಕೋಚದಿಂದಲ್ಲ, ಕಲಿಸಿಕೊಟ್ಟಿರುವುದೇ ಹಾಗೆ. ಹೊಸದಾಗಿ ಸೇರಿದವನಿಗೆ ಕೊಡುವ ಮೊದಲ ಕೆಲಸ ಪರಿಚಯದವರ ಪಟ್ಟಿ ಬರೆಯುವುದು. ಸಾಮಾನ್ಯವಾಗಿ ನೂರು ಹೆಸರು. ಫೋನಿನ ಕಾಂಟ್ಯಾಕ್ಟ್ ಅಕಾರಾದಿಯಾಗಿ ತೆಗೆದು, ಒಂದೊಂದು ಹೆಸರಿನ ಮುಂದೆ ಮದುವೆಯಾಗಿದೆಯೇ, ಸಂಬಳವಿದೆಯೇ, ಈಗಿನ ಕೆಲಸದಲ್ಲಿ ಬೇಸರವಿದೆಯೇ, ತನ್ನ ಮಾತು ಕೇಳುವವರೇ ಎಂದು ಗುರುತು ಹಾಕಿಸುತ್ತಾರೆ. ‘ಯಾರಿಗೂ ನೀನು ವಿವರಿಸಬೇಡ, ಕೂರಿಸು ಸಾಕು, ಪ್ಲಾನ್ ನಾವು ತೋರಿಸ್ತೀವಿ’ ಎನ್ನುವುದು ಎರಡನೆಯ ಪಾಠ. ಇದಕ್ಕೆ ಎರಡು ಕಾರಣ. ಹೊಸಬ ವಿವರಿಸಲು ಹೋದರೆ ಕೇಳುವವನು ಪ್ರಶ್ನೆ ಹಾಕುತ್ತಾನೆ, ಉತ್ತರ ಗೊತ್ತಿಲ್ಲದೆ ಹೊಸಬನಿಗೇ ಅನುಮಾನ ಹುಟ್ಟುತ್ತದೆ. ಎರಡನೆಯದು, ಹೆಸರು ಸಿಕ್ಕಿದರೆ ಭಾನುವಾರದೊಳಗೆ ಕೇಳುಗ ಅದನ್ನು ನೆಟ್‌ನಲ್ಲಿ ಹುಡುಕುತ್ತಾನೆ.

ತಮಾಷೆಯೆಂದರೆ, ಈ ಮುಚ್ಚುಮರೆಯೇ ಕಾನೂನಿಗೆ ವಿರುದ್ಧ. 2021ರ ಡಿಸೆಂಬರ್ 28ರಂದು ಕೇಂದ್ರ ಸರ್ಕಾರ ಹೊರಡಿಸಿದ ಗ್ರಾಹಕ ರಕ್ಷಣೆ (ನೇರ ಮಾರಾಟ) ನಿಯಮಗಳ ಪ್ರಕಾರ, ನೇರ ಮಾರಾಟಗಾರ (ಅಂಗಡಿಯಿಲ್ಲದೆ ಜನರ ಬಳಿಗೇ ಹೋಗಿ ಕಂಪನಿಯ ಸರಕು ಮಾರುವವನು) ಮಾತಿಗೆ ಶುರುವಿಟ್ಟಾಗಲೇ ತಾನು ಯಾರು, ಯಾವ ಕಂಪನಿಯವನು, ಅದರ ವಿಳಾಸವೇನು, ಏನು ಮಾರುತ್ತಿದ್ದಾನೆ, ಯಾಕೆ ಬಂದಿದ್ದಾನೆ ಎಂಬುದನ್ನು ಹೇಳಬೇಕು, ಕೇಳುವ ತನಕ ಕಾಯುವಂತಿಲ್ಲ. ಮನೆಗೆ ಬರುವುದಾದರೆ ಮೊದಲೇ ಸಮಯ ಕೇಳಿಕೊಂಡು, ಗುರುತಿನ ಚೀಟಿ ಇಟ್ಟುಕೊಂಡು ಬರಬೇಕು. ‘ಫೋನಲ್ಲಿ ಹೇಳೋದಲ್ಲ’ ಎಂದವನು ತನ್ನದು ನೇರ ಮಾರಾಟ ಎಂದು ಸಾಧಿಸಿದರೆ ಆ ನಿಯಮವನ್ನು ಆಗಲೇ ಮುರಿದಿರುತ್ತಾನೆ. ನೇರ ಮಾರಾಟ ಅಲ್ಲ ಎಂದರೆ ಇನ್ನೂ ಕೆಟ್ಟದ್ದು, ಅದಕ್ಕೆ ಆಮೇಲೆ ಬರೋಣ.

ಭಾನುವಾರದ ಭೇಟಿಗೆ ಅವನು ಒಬ್ಬನೇ ಬರುವುದಿಲ್ಲ. ಜೊತೆಗೆ ‘ಸೀನಿಯರ್’ ಒಬ್ಬರು ಇರುತ್ತಾರೆ, ಇಲ್ಲದಿದ್ದರೆ ವಿಡಿಯೊ ಕಾಲ್‌ನಲ್ಲಿ ಬರುತ್ತಾರೆ. ಅವರು ಬರುವ ಮುನ್ನ ಹತ್ತು ನಿಮಿಷ ಅವರ ಗುಣಗಾನ ನಡೆಯುತ್ತದೆ: ದೊಡ್ಡ ಐಟಿ ಕಂಪನಿಯಲ್ಲಿದ್ದರು, ಬಿಟ್ಟರು, ಈಗ ವರ್ಷಕ್ಕೆ ಮೂರು ಸಲ ವಿದೇಶ, ನಮಗೋಸ್ಕರ ಟೈಮ್ ಮಾಡಿಕೊಂಡು ಬರುತ್ತಿದ್ದಾರೆ. ಅವರ ಎದುರು ಪ್ರಶ್ನೆ ಕೇಳುವುದು ಮರ್ಯಾದೆಗೇಡು ಎನ್ನಿಸುವಂತೆ ಮಾಡುವುದು ಇದರ ಉದ್ದೇಶ. ಕರೆತಂದ ಗೆಳೆಯ ಇನ್ನು ಬಾಯಿ ಬಿಡಬಾರದು, ತಲೆಯಾಡಿಸುತ್ತ, ನೋಟ್ಸ್ ಬರೆದುಕೊಳ್ಳುತ್ತ ಕೂರಬೇಕು. ಕೇಳುಗನಿಗೆ ಗೆಳೆಯನ ಮೇಲೆ ವಿಶ್ವಾಸ ಇದೆ, ಗೆಳೆಯನಿಗೆ ಸೀನಿಯರ್ ಮೇಲೆ ಭಕ್ತಿ ಇದೆ. ಒಂದರ ಹೆಗಲ ಮೇಲೆ ಇನ್ನೊಂದು ಹತ್ತಿ ಮೇಜಿನ ಈಚೆ ದಾಟಬೇಕು.

ಮೊದಲ ಇಪ್ಪತ್ತು ನಿಮಿಷ ದುಡ್ಡಿನ ಲೆಕ್ಕವೇ ಬರುವುದಿಲ್ಲ. ‘ಐದು ವರ್ಷ ಆದ್ಮೇಲೆ ಎಲ್ಲಿರ್ತೀರಾ?’ ‘ಸಂಬಳ ನಿಂತ್ರೆ ಎಷ್ಟು ತಿಂಗಳು ಬದುಕ್ತೀರಾ?’ ‘ಅಪ್ಪ ಅಮ್ಮನಿಗೆ ಏನ್ ಕೊಡಿಸ್ಬೇಕು ಅಂತಿದೆ?’ ಉತ್ತರಗಳನ್ನು ಹಾಳೆಯ ಮೇಲೆ ಬರೆಸುತ್ತಾರೆ: ಮನೆ, ಕಾರು, ಅಕ್ಕನ ಮದುವೆಯ ಸಾಲ. ಆ ಹಾಳೆ ಅವರ ಬಳಿಯೇ ಉಳಿಯುತ್ತದೆ. ಒಂದು ವಾರ ಬಿಟ್ಟು ನೀವು ಹಿಂಜರಿದಾಗ ‘ಅಕ್ಕನ ಮದುವೆ ಸಾಲ ತೀರಿಸ್ಬೇಕು ಅಂತ ನೀವೇ ಬರೆದಿದ್ರಲ್ಲ ಬ್ರೋ’ ಎಂದು ಹೊರಬರುವುದು ಇದೇ ಹಾಳೆ. ಹೀಗಾಗಿ ಹೋದರೂ ಏನನ್ನೂ ಬರೆದುಕೊಡದಿರುವುದು ಲೇಸು.

ಆಮೇಲೆ ವೃತ್ತಗಳು ಬರುತ್ತವೆ. ಮೇಲೆ ‘ನೀವು’, ಕೆಳಗೆ ಲೆಫ್ಟು, ರೈಟು. ‘ಇಬ್ಬರೇ ಇಬ್ಬರು ಸಾಕು ಸರ್, ಅವ್ರು ಇಬ್ಬಿಬ್ಬರನ್ನ ತರ್ತಾರೆ.’ ಬೆಂಗಳೂರಿನ ಕಾಫಿ ಅಂಗಡಿಗಳ ಟಿಶ್ಯೂ ಪೇಪರಿನ ಮೇಲೆ ಬಿದ್ದಷ್ಟು ವೃತ್ತ ಜ್ಯಾಮಿತಿಯ ಪುಸ್ತಕದಲ್ಲೂ ಇರಲಿಕ್ಕಿಲ್ಲ. ಈ ಚಿತ್ರ ಯಾವಾಗಲೂ ಮೇಲಿಂದ ಕೆಳಕ್ಕೆ ಸಾಗುತ್ತದೆ, ನಾಲ್ಕನೆಯ ಸಾಲಿಗೆ ಪೆನ್ನು ನಿಲ್ಲುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು.

ಲೆಕ್ಕಕ್ಕೆಂದು ಒಂದು ಮಾದರಿ ಇಟ್ಟುಕೊಳ್ಳೋಣ. ಜಾಯಿನಿಂಗ್ 15,000 ರೂ. ಅದರಲ್ಲಿ ಸರಕಿಗೂ ಕಂಪನಿಯ ಖರ್ಚಿಗೂ 3,000 ಹೋಗಿ 12,000 ಹಂಚಲು ಉಳಿಯಿತು. ಎಡಕ್ಕೊಬ್ಬ ಬಲಕ್ಕೊಬ್ಬ ಸೇರಿದರೆ ಒಂದು ಪೇರ್, ಪ್ರತಿ ಪೇರ್‌ಗೆ 2,000 ರೂ. ಯಾರೂ ಕೈಕೊಡದೆ, ಎಲ್ಲರೂ ಕರಾರುವಾಕ್ಕಾಗಿ ಇಬ್ಬಿಬ್ಬರನ್ನು ತಂದರು ಎಂದೇ ಅಂದುಕೊಳ್ಳಿ. ನಿಮ್ಮ ಕೆಳಗೆ ಮೂರು ಸಾಲು ತುಂಬಿದರೆ 14 ಜನ, 7 ಪೇರ್, 14,000 ರೂ. ಹಾಕಿದ ದುಡ್ಡು ಇನ್ನೂ ಬಂದಿಲ್ಲ. ನಾಲ್ಕನೆಯ ಸಾಲೂ ತುಂಬಿ ಕೆಳಗೆ 30 ಜನ, 15 ಪೇರ್ ಆದಾಗ ಲಾಭ. ಈಗ ಇಡೀ ಮರವನ್ನು ನೋಡಿ. ಕೊನೆಯ ಸಾಲಿನಲ್ಲಿ ಇರುವವರು ಒಟ್ಟು ಜನರ ಅರ್ಧ, ಅವರ ಕೆಳಗೆ ಯಾರೂ ಇಲ್ಲ. ಅದರ ಮೇಲಿನ ಸಾಲು ಕಾಲು ಭಾಗ, ಅವರಿಗೆ ಒಂದೇ ಪೇರ್. ಅದರ ಮೇಲಿನದು ಎಂಟರಲ್ಲೊಂದು, ಅದರ ಮೇಲಿನದು ಹದಿನಾರರಲ್ಲೊಂದು. ಈ ನಾಲ್ಕೂ ಸಾಲು ನಷ್ಟದಲ್ಲಿವೆ. ಒಟ್ಟು ಸೇರಿದರೆ ಹದಿನಾರರಲ್ಲಿ ಹದಿನೈದು ಜನ. ಮರ ನೂರು ಜನರದ್ದಿರಲಿ, ಹತ್ತು ಲಕ್ಷದ್ದಿರಲಿ, ಈ ಪಾಲು ಬದಲಾಗುವುದಿಲ್ಲ. ‘ಬೇಗ ಸೇರಿದವರಿಗೆ ಲಾಭ, ತಡ ಮಾಡ್ಬೇಡಿ’ ಎಂದು ಅವರು ಹೇಳುವ ಮಾತಿನಲ್ಲೇ ತಡವಾಗಿ ಸೇರಿದವರ ಗತಿ ಏನೆಂಬುದೂ ಇದೆ. ಯಾವ ದಿನ ನೋಡಿದರೂ ಸೇರಿದವರಲ್ಲಿ ಹೆಚ್ಚಿನವರು ತಡವಾಗಿ ಸೇರಿದವರೇ.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಇದೇ ಮರ ಮೇಲಿನವನನ್ನೂ ಸೇರಿಸಿ 14 ಸಾಲು ತುಂಬಿದಾಗ ಒಟ್ಟು 16,383 ಜನ. ಹಂಚಲು ಇರುವ ದುಡ್ಡು ತಲೆಗೆ 12,000ದಂತೆ 19,65,96,000 ರೂ. ಎಲ್ಲರ ಪೇರ್‌ಗಳನ್ನು ಕೂಡಿದರೆ 98,305, ಕೊಡಬೇಕಾದ್ದು 19,66,10,000 ರೂ. ಅಂದರೆ ಇಲ್ಲಿಗೆ ಗಲ್ಲಾಪೆಟ್ಟಿಗೆ ಬರಿದು, ಮೇಲೆ 14,000 ಬಾಕಿ. ಇನ್ನೊಂದೇ ಸಾಲು ತುಂಬಿದರೆ ಕೊರತೆ 3 ಕೋಟಿ 27 ಲಕ್ಷ ದಾಟುತ್ತದೆ. ಪ್ಲಾನು ಬರೆದವನಿಗೆ ಇದು ಮೊದಲೇ ಗೊತ್ತು. ಇಂಥ ಎಡ-ಬಲದ (ಬೈನರಿ) ಪ್ಲಾನುಗಳಲ್ಲಿ ಹಿಂದಿನ ಪುಟದಲ್ಲಿ ಸಣ್ಣಕ್ಷರದ ಷರತ್ತುಗಳಿರುವುದು ಅದಕ್ಕೇ. ‘ಕ್ಯಾಪಿಂಗ್’ ಎಂದರೆ ದಿನಕ್ಕೆ ಅಥವಾ ವಾರಕ್ಕೆ ಇಷ್ಟೇ ಪೇರ್‌ಗೆ ದುಡ್ಡು, ಮಿಕ್ಕಿದ್ದು ಲೆಕ್ಕಕ್ಕಿಲ್ಲ. ‘ಫ್ಲಶ್’ ಎಂದರೆ ಜೋಡಿ ಸಿಗದೆ ಉಳಿದ ಪಾಯಿಂಟುಗಳನ್ನು ಅವಧಿ ಮುಗಿದ ಮೇಲೆ ಅಳಿಸಿಹಾಕುವುದು. ‘ಆ್ಯಕ್ಟಿವ್’ ಆಗಿರಲು ತಿಂಗಳಿಗಿಷ್ಟು ಖರೀದಿಸಲೇಬೇಕು, ತಪ್ಪಿದರೆ ಆ ತಿಂಗಳ ಕಮಿಷನ್ ಇಲ್ಲ. ಕಮಿಷನ್ ಕೊಡದಿರುವುದಕ್ಕೆ ಕಾರಣಗಳನ್ನು ಹೀಗೆ ಪೋಣಿಸಿಟ್ಟ ಮೇಲೆಯೇ ಪ್ಲಾನು ನಿಲ್ಲುವುದು.

ವಾಸ್ತವದಲ್ಲಿ ಮರ ಹೀಗೆ ಸಮವಾಗಿ ಬೆಳೆಯುವುದೂ ಇಲ್ಲ. ಮೇಲಿನವರು ತಂದ ಜನರನ್ನು ನಿಮ್ಮ ಒಂದೇ ಬದಿಗೆ ಸುರಿಯುತ್ತಾರೆ, ‘ನಿಮ್ಮ ಪವರ್ ಲೆಗ್ ಆಗ್ಲೇ ರೆಡಿ ಇದೆ, ಇನ್ನೊಂದು ಕಡೆ ಮಾತ್ರ ನೀವು ನೋಡ್ಕೊಳ್ಳಿ’ ಎನ್ನುತ್ತಾರೆ. ಎಡಕ್ಕೆ 400 ಜನ, ಬಲಕ್ಕೆ 3 ಜನ ಇದ್ದರೆ ಪೇರ್ ಮೂರೇ. ಆ 400ರ ಚಿತ್ರ ತೋರಿಸಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆಸೆಯ ಮೇಲೆ ಇನ್ನೊಂದು ಐಡಿ (ಸದಸ್ಯತ್ವ), ಮನೆಯವರ ಹೆಸರಲ್ಲಿ ಮತ್ತೊಂದು ಐಡಿ ಹಾಕಿಸುತ್ತಾರೆ. ಬಲಗಡೆ ಖಾಲಿ ಇದ್ದ ಜಾಗವನ್ನು ತನ್ನದೇ ದುಡ್ಡಿನಿಂದ ತುಂಬುತ್ತಿರುವವರು ಈ ಊರಲ್ಲಿ ಕಡಿಮೆಯೇನಿಲ್ಲ.

ಆರು ಜನರ ಪ್ಲಾನಾದರೆ ಗೋಡೆ ಇನ್ನೂ ಹತ್ತಿರ. ಒಬ್ಬೊಬ್ಬರೂ ಆರು ಜನರನ್ನು ತಂದರೆ ಒಂಬತ್ತನೆಯ ಹಂತಕ್ಕೆ 1,00,77,696 ಜನ ಬೇಕು. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96,21,551. ಹತ್ತನೆಯ ಹಂತಕ್ಕೆ 6 ಕೋಟಿ 4 ಲಕ್ಷ. ಕೂಸುಗಳೂ ಸೇರಿ ಆಗಿನ ಇಡೀ ಕರ್ನಾಟಕವೇ 6 ಕೋಟಿ 11 ಲಕ್ಷ.

ಇಷ್ಟಾದ ಮೇಲೂ ಎದುರಿಗೆ ಕುಳಿತವನು ಮೋಸಗಾರ ಎಂದು ಬಗೆದರೆ ಬಹಳ ಸಲ ತಪ್ಪಾಗುತ್ತದೆ. ಅವನ ತಿಂಗಳ ಖರ್ಚು ಹಾಕಿ ನೋಡಿ. ಆ್ಯಕ್ಟಿವ್ ಇರಲು ಮರುಖರೀದಿ 3,000. ತಿಂಗಳ ಸೆಮಿನಾರಿನ ಟಿಕೆಟ್ 1,500. ಎಂಟು ಭೇಟಿಯ ಕಾಫಿ, ಸಲಕ್ಕೆ 400ರಂತೆ 3,200. ಪೆಟ್ರೋಲು, ಮೆಟ್ರೊ 1,500. ಟ್ರೇನಿಂಗ್ ಆ್ಯಪ್‌ಗೆ 500. ಅಂಕಿಗಳು ಮಾದರಿಗೆ, ಬಾಬತ್ತುಗಳು ಮಾತ್ರ ಎಲ್ಲ ಕಡೆ ಇವೇ. ಒಟ್ಟು 9,700, ವರ್ಷಕ್ಕೆ 1,16,400. ಜಾಯಿನಿಂಗಿಗೆಂದು ಒಂದು ಲಕ್ಷದ ಪರ್ಸನಲ್ ಲೋನ್ ತೆಗೆಸಿದ್ದರೆ ಶೇ. 15 ಬಡ್ಡಿಯಲ್ಲಿ ಮೂರು ವರ್ಷಕ್ಕೆ ತಿಂಗಳ ಕಂತು 3,467 ರೂ. ಬೇರೆ. ಸಂಬಳದ ಖಾತೆಗೆ ‘ಪ್ರೀ-ಅಪ್ರೂವ್ಡ್’ ಸಾಲ ಎರಡು ನಿಮಿಷದಲ್ಲಿ ಬಂದು ಬೀಳುವ ಊರು ಇದು. ಸೀನಿಯರ್ ಪಕ್ಕದಲ್ಲೇ ಕುಳಿತು ಬ್ಯಾಂಕಿನ ಆ್ಯಪ್ ತೆಗೆಸಿ ‘ನಿಮ್ಮ ಎಲಿಜಿಬಿಲಿಟಿ ಎಷ್ಟಿದೆ ನೋಡೋಣ’ ಎನ್ನುವ ಹಂತಕ್ಕೆ ಮಾತು ಬಂದಿದ್ದರೆ ಎದ್ದು ಬರಬೇಕು. ಸಾಲ ತೆಗೆಸಿ ಹಾಕಿಸಿದ ಹಣಕ್ಕೆ ಬ್ಯಾಂಕಿನ ಎದುರು ಯಾವ ತಕರಾರೂ ನಡೆಯುವುದಿಲ್ಲ.

ಹಾಗಾದರೆ ಅವನು ಯಾಕೆ ಬಿಡುವುದಿಲ್ಲ? ಬಿಟ್ಟರೆ ಹಾಕಿದ್ದೆಲ್ಲ ಹೋಯಿತು ಎಂದು ಒಪ್ಪಿದಂತೆ. ಅದಕ್ಕಿಂತ ಹೆಚ್ಚಾಗಿ, ಅವನ ಕೆಳಗೆ ಅವನ ತಂಗಿಯ ಗಂಡ, ರೂಮ್‌ಮೇಟ್, ಊರಿನ ಇಬ್ಬರು ಹುಡುಗರು ಇರುತ್ತಾರೆ. ಅವರಿಗೆ ಮುಖ ತೋರಿಸಬೇಕು. ಸೆಮಿನಾರಿನ ಮೇಲೆ ಸೆಮಿನಾರು ನಡೆಯುವುದೂ ಇದಕ್ಕೇ. ಸೋತವನಿಗೆ ‘ಸಿಸ್ಟಮ್ ಸರಿ ಇದೆ, ನೀನು ಫಾಲೋ ಮಾಡ್ತಿಲ್ಲ’ ಎಂದು ಅಲ್ಲಿ ತಿಂಗಳಿಗೊಮ್ಮೆ ಕೇಳಿಸಬೇಕು. ‘ನೆಗೆಟಿವ್ ಜನರಿಂದ ದೂರ ಇರಿ’ ಎಂಬ ಮಾತಿನಲ್ಲಿ ಬರುವ ನೆಗೆಟಿವ್ ಜನ ಎಂದರೆ ಬಹುಪಾಲು ಲೆಕ್ಕ ಕೇಳುವ ಅಪ್ಪ, ಹೆಂಡತಿ, ಅಣ್ಣ.

ಸರಕಿನ ವಿಷಯಕ್ಕೆ ಬಂದರೆ, ಸರಕು ಇದೆ ಎಂದ ಮಾತ್ರಕ್ಕೆ ವ್ಯಾಪಾರ ಆಗುವುದಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1975ರಲ್ಲಿ ಕೋಸ್ಕಾಟ್ ಎಂಬ ಕಂಪನಿಯ ಪ್ರಕರಣದಲ್ಲಿ ಪಿರಮಿಡ್ ಸ್ಕೀಮನ್ನು (ಸರಕಿನ ಮಾರಾಟದಿಂದಲ್ಲ, ಹೊಸದಾಗಿ ಸೇರುವವರ ದುಡ್ಡಿನಿಂದ ನಡೆಯುವ ಸರಪಳಿ) ಗುರುತಿಸಲು ಹಾಕಿಕೊಟ್ಟ ಪರೀಕ್ಷೆ ಇಂದಿಗೂ ಒಳ್ಳೆಯದು: ಕೊಡುವ ದುಡ್ಡಿಗೆ ಸರಕು ಮಾರುವ ಹಕ್ಕಿನ ಜೊತೆ ಜನರನ್ನು ಸೇರಿಸಿದ್ದಕ್ಕೆ ಪ್ರತಿಫಲವೂ ಸಿಗುತ್ತಿದೆಯೇ, ಆ ಪ್ರತಿಫಲಕ್ಕೂ ಕೊನೆಯ ಬಳಕೆದಾರರಿಗೆ ಆಗುವ ಮಾರಾಟಕ್ಕೂ ಸಂಬಂಧ ಇಲ್ಲವೇ? 1979ರಲ್ಲಿ ಅದೇ ಕಮಿಷನ್ ಆಮ್‌ವೇ ಪಿರಮಿಡ್ ಅಲ್ಲ ಎಂದಾಗ ಮುಖ್ಯವಾಗಿ ನೋಡಿದ್ದು ಮೂರು ನಿಯಮಗಳನ್ನು. ಸರಕು ಉಳಿದರೆ ವಾಪಸ್ ಕೊಳ್ಳಬೇಕು, ಕೊಂಡದ್ದರಲ್ಲಿ ಶೇ. 70ರಷ್ಟನ್ನು ತಿಂಗಳಲ್ಲಿ ಮಾರಿರಬೇಕು, ಕನಿಷ್ಠ ಹತ್ತು ಗಿರಾಕಿಗಳಿಗೆ ಮಾರಿದ ಪುರಾವೆ ಇರಬೇಕು. ಕಾಫಿ ಮೇಜಿನಲ್ಲಿ ಇದನ್ನೇ ಸರಳವಾಗಿ ಕೇಳಬಹುದು: ‘ಕಳೆದ ತಿಂಗಳು ಐಡಿ ಇಲ್ಲದ ಎಷ್ಟು ಜನ ಇದನ್ನ ನಿಮ್ಮಿಂದ ಕೊಂಡ್ರು? ಬಿಲ್ ತೋರಿಸ್ತೀರಾ?’ ಸೇರದೆ ಬರಿಯ ಗಿರಾಕಿಯಾಗಿ ಆ ಬೆಲೆಗೆ ಯಾರೂ ಕೊಳ್ಳದ ಕೈಗಡಿಯಾರ, ನೀರಿನ ಫಿಲ್ಟರ್, ಪ್ರೋಟೀನ್ ಪುಡಿ, ಮ್ಯಾಗ್ನೆಟಿಕ್ ಹಾಸಿಗೆ, ಆನ್‌ಲೈನ್ ಕೋರ್ಸು ಎಲ್ಲವೂ ಜಾಯಿನಿಂಗ್ ಫೀಸಿಗೆ ಹೊದಿಸಿದ ಬಟ್ಟೆ. ಕೋರ್ಸು ಅದರಲ್ಲೂ ಅನುಕೂಲ: ಗೋದಾಮು ಬೇಡ, ಎಂಆರ್‌ಪಿಗೆ ಹೋಲಿಸಲು ಅಂಗಡಿಯಲ್ಲಿ ಅಂಥದ್ದು ಸಿಗುವುದಿಲ್ಲ. 2019ರಲ್ಲಿ ಸೈಬರಾಬಾದ್ ಪೊಲೀಸರು ಹಿಡಿದ ಇ-ಬಿಜ್ ಪ್ರಕರಣದಲ್ಲಿ ವಿದ್ಯಾರ್ಥಿಗಳಿಂದ 16,821 ರೂ. ಪಡೆದು ಕೊಟ್ಟಿದ್ದು ಇಂಥ ಕಂಪ್ಯೂಟರ್ ಕೋರ್ಸುಗಳನ್ನೇ. 2011ರಲ್ಲಿ ಕುಸಿದ ಸ್ಪೀಕ್ ಏಷ್ಯಾದಲ್ಲಿ ಸರಕು ಎಂಬುದು ಸರ್ವೆ: 11,000 ರೂ. ಕಟ್ಟಿದರೆ ವಾರಕ್ಕೆ ಎರಡು ಪ್ರಶ್ನಾವಳಿ ತುಂಬಿ 1,000 ರೂ. ಆ ಸರ್ವೆಯನ್ನು ಯಾವ ಕಂಪನಿ ಅಷ್ಟು ದುಡ್ಡು ಕೊಟ್ಟು ಕೊಳ್ಳುತ್ತಿದೆ ಎಂದು ಸೇರುವ ಮುನ್ನ ಕೇಳಿದವರು ಕಡಿಮೆ.

ಪ್ರಶ್ನೆ ಜೋರಾದರೆ ಸರ್ಟಿಫಿಕೇಟುಗಳ ಫೈಲ್ ಹೊರಬರುತ್ತದೆ. ಇನ್‌ಕಾರ್ಪೊರೇಷನ್ ಪ್ರಮಾಣಪತ್ರ: ಕಂಪನಿ ಹುಟ್ಟಿದೆ ಎಂಬುದಕ್ಕೆ ಅದು ಸಾಕ್ಷಿ, ಏನು ಮಾಡುತ್ತಿದೆ ಎಂಬುದಕ್ಕೆ ಅಲ್ಲ. ಜಿಎಸ್‌ಟಿ ನಂಬರ್: ತೆರಿಗೆ ಕಟ್ಟಲು ಕೊಟ್ಟದ್ದು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಎಫ್‌ಎಸ್‌ಎಸ್‌ಎಐ ಪರವಾನಗಿ ಪುಡಿ ತಿನ್ನುವ ಪದಾರ್ಥ ಎಂಬುದಕ್ಕಷ್ಟೇ ಸಂಬಂಧಿಸಿದ್ದು. ಐಎಸ್‌ಒ ಪ್ರಮಾಣಪತ್ರ ಕೊಡುವುದು ಖಾಸಗಿ ಸಂಸ್ಥೆಗಳು. ‘ಟಿಡಿಎಸ್ ಕಟ್ ಆಗುತ್ತೆ ಸರ್, ಅಂದ್ಮೇಲೆ ಲೀಗಲ್ ತಾನೆ’ ಎಂಬುದು ಈ ಫೈಲಿನ ಕೊನೆಯ ಹಾಳೆ. ಕಮಿಷನ್ ಕೊಡುವ ಕಂಪನಿ ಟಿಡಿಎಸ್ (ಕೊಡುವ ಮುನ್ನವೇ ಕತ್ತರಿಸುವ ತೆರಿಗೆ) ಹಿಡಿಯಲೇಬೇಕು, ದಂಧೆ ಯಾವುದೇ ಇರಲಿ. ಆದರೆ ಈ ಟಿಡಿಎಸ್ ಮಾತನ್ನು ಬಿಡಬೇಡಿ, ಅದೇ ಒಳ್ಳೆಯ ಹಿಡಿ. ಟಿಡಿಎಸ್ ಹಿಡಿದಿದ್ದರೆ ಅದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಅವರ ಎಐಎಸ್ ಎಂಬ ವರ್ಷದ ಆದಾಯ-ತೆರಿಗೆ ವಿವರದ ಪಟ್ಟಿಯಲ್ಲಿ ಕಾಣಬೇಕು. ‘ಒಂದು ಪೂರ್ತಿ ವರ್ಷದ ಎಐಎಸ್ ತೋರಿಸಿ ಸರ್, ಪಾನ್ ನಂಬರ್ ಮುಚ್ಚಿಟ್ಟೇ ತೋರಿಸಿ’ ಎಂದು ಸೀನಿಯರ್‌ಗೆ ಕೇಳಿ. ವಾರದ ಪೇಔಟಿನ ಸ್ಕ್ರೀನ್‌ಶಾಟ್, ಕಾರಿನ ಮುಂದೆ ನಿಂತ ಫೋಟೊ, ಚೆಕ್ಕಿನ ದೊಡ್ಡ ರಟ್ಟು ಇವೆಲ್ಲ ಬೇಕಾದಷ್ಟು ಸಿಗುತ್ತವೆ. ಎಐಎಸ್ ತೋರಿಸುವವರು ಸಿಗುವುದು ಕಷ್ಟ. ಜೊತೆಗೆ ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಹಾಕಿದರೆ ಹುಟ್ಟಿದ ದಿನಾಂಕ, ಬಂಡವಾಳ, ನಿರ್ದೇಶಕರು ಸಿಗುತ್ತಾರೆ. ‘ಇಪ್ಪತ್ತು ವರ್ಷದ ಇಂಟರ್‌ನ್ಯಾಷನಲ್ ಕಂಪನಿ’ ಕಳೆದ ವರ್ಷ ಒಂದು ಲಕ್ಷ ಬಂಡವಾಳದಲ್ಲಿ ಹುಟ್ಟಿರಬಹುದು.

ನಮ್ಮವರಿಗೆ ಚೀಟಿ ಗೊತ್ತಿರುವುದರಿಂದ ‘ಇದೂ ಹಾಗೇನೇ’ ಎಂಬ ಸಮಜಾಯಿಷಿ ಸುಲಭವಾಗಿ ಇಳಿಯುತ್ತದೆ. ಹಾಗಲ್ಲ. 20 ಜನ, ತಿಂಗಳಿಗೆ 5,000, 20 ತಿಂಗಳ ಚೀಟಿಯಲ್ಲಿ ತಿಂಗಳಿಗೆ ಒಂದು ಲಕ್ಷ ಕೂಡುತ್ತದೆ, ಒಬ್ಬರು ಎತ್ತುತ್ತಾರೆ, ಇಪ್ಪತ್ತೊಂದನೆಯವನು ಬೇಕಿಲ್ಲ. 1982ರ ಚಿಟ್ ಫಂಡ್ ಕಾಯ್ದೆಯ ಅಡಿ ನೋಂದಾಯಿಸಿದ ಚೀಟಿಯಲ್ಲಿ ನಡೆಸುವವರ ಕಮಿಷನ್‌ಗೂ ಶೇ. 7ರ ಮಿತಿ ಇದೆ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಇನ್ನು ಪಾಂಜಿ ಎಂದರೆ ಜನರನ್ನು ಸೇರಿಸುವ ಕೆಲಸವೂ ಇಲ್ಲದೆ, ‘ದುಡ್ಡು ಇಡಿ, ತಿಂಗಳಿಗಿಷ್ಟು ಕೊಡ್ತೀವಿ’ ಎನ್ನುವುದು. 1920ರಲ್ಲಿ ಬಾಸ್ಟನ್ನಿನ ಚಾರ್ಲ್ಸ್ ಪಾಂಜಿ 45 ದಿನಕ್ಕೆ ಶೇ. 50 ಎಂದಿದ್ದ. 2019ರ ಜೂನ್‌ನಲ್ಲಿ ಶಿವಾಜಿನಗರದಲ್ಲಿ ಬಾಗಿಲು ಹಾಕಿದ ಐಎಂಎ ಎಂಬ ಹೂಡಿಕೆ ಕಂಪನಿಯನ್ನು ಬೆಂಗಳೂರು ಮರೆತಿಲ್ಲ. ಹಳೆಯ ಗಿರಾಕಿಗೆ ಹೊಸ ಗಿರಾಕಿಯ ದುಡ್ಡು ಹೋಗುವುದು ಪಾಂಜಿ, ಪಿರಮಿಡ್ ಎರಡರಲ್ಲೂ ಒಂದೇ. ಪಿರಮಿಡ್‌ನಲ್ಲಿ ಆ ಹೊಸ ಗಿರಾಕಿಯನ್ನು ತರುವ ಪಾಪ ನಿಮ್ಮ ಕೈಯಲ್ಲೇ ಮಾಡಿಸುತ್ತಾರೆ.

ಕಾನೂನಿನಲ್ಲೂ ಅದಕ್ಕೆ ಬೆಲೆ ಇದೆ. 1978ರ ಪ್ರೈಜ್ ಚಿಟ್ಸ್ ಮತ್ತು ಮನಿ ಸರ್ಕ್ಯುಲೇಷನ್ ಸ್ಕೀಮ್ಸ್ (ನಿಷೇಧ) ಕಾಯ್ದೆಯ 3ನೇ ಕಲಮು ಇಂಥ ಸ್ಕೀಮ್ ನಡೆಸುವುದನ್ನಷ್ಟೇ ಅಲ್ಲ, ಸದಸ್ಯರನ್ನು ಸೇರಿಸುವುದನ್ನೂ ಭಾಗವಹಿಸುವುದನ್ನೂ ನಿಷೇಧಿಸುತ್ತದೆ. 4ನೇ ಕಲಮಿನಂತೆ ಮೂರು ವರ್ಷದವರೆಗೆ ಸೆರೆ, 5,000 ರೂ.ವರೆಗೆ ದಂಡ ಅಥವಾ ಎರಡೂ. ದಂಡದ ಮೊತ್ತ 1978ರಲ್ಲೇ ನಿಂತಿದೆ, ಒಂದು ಜಾಯಿನಿಂಗ್ ಫೀಸಿಗೂ ಸಮನಲ್ಲ. 2021ರ ನಿಯಮಗಳೂ ನೇರ ಮಾರಾಟದ ಹೆಸರಿನಲ್ಲಿ ಪಿರಮಿಡ್ ನಡೆಸುವುದನ್ನು, ಅದಕ್ಕೆ ಜನ ಸೇರಿಸುವುದನ್ನು ನಿಷೇಧಿಸಿವೆ. ನಿಶ್ಚಿತ ಲಾಭದ ಆಸೆ ತೋರಿಸಿ ಠೇವಣಿ ಪಡೆದಿದ್ದರೆ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ, ಕರ್ನಾಟಕದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಬರುತ್ತವೆ. ಕರೆತಂದ ಗೆಳೆಯ ‘ನಾನೂ ಮೋಸ ಹೋದವನೇ’ ಎಂದರೆ ನಿಜವೇ ಇರಬಹುದು, ಸೇರಿಸಿದ್ದೂ ನಿಜ.

ಬೇಡ ಎನ್ನುವುದು ಹೇಗೆ? ‘ನೋಡ್ತೀನಿ’, ‘ಈಗ ದುಡ್ಡಿಲ್ಲ’, ‘ಮನೇಲಿ ಕೇಳ್ಬೇಕು’ ಈ ಮೂರಕ್ಕೂ ಅವರ ಬಳಿ ಬಾಯಿಪಾಠದ ಉತ್ತರವಿದೆ, 48 ಗಂಟೆಯೊಳಗೆ ಮತ್ತೆ ಫೋನು ಬರುತ್ತದೆ. ಕಾರಣ ಕೊಟ್ಟರೆ ಕಾರಣಕ್ಕೆ ಪರಿಹಾರ ಕೊಡುತ್ತಾರೆ. ಕಾರಣ ಕೊಡದೆ ‘ಜನ ಸೇರಿಸೋ ಯಾವ್ದಕ್ಕೂ ನಾನು ಬರಲ್ಲ ಮಗಾ, ಊಟಕ್ಕೆ ಬೇಕಾದ್ರೆ ಬಾ’ ಎಂದು ಒಂದೇ ಸಲ ಹೇಳಿದರೆ ಮುಗಿಯಿತು. ಪಟ್ಟಿಯ ಮುಂದಿನ ಹೆಸರಿಗೆ ಹೋಗುವುದು ಅವರಿಗೂ ಸಮಯದ ಉಳಿತಾಯ. ಮೊದಲ ಕರೆಯಲ್ಲೇ ಕಂಪನಿಯ ಹೆಸರನ್ನು ಮೆಸೇಜಿನಲ್ಲಿ ಬರೆದು ಕಳಿಸಲು ಕೇಳಿದರೆ ಅರ್ಧ ಕರೆಗಳು ಅಲ್ಲಿಗೇ ನಿಲ್ಲುತ್ತವೆ.

ದುಡ್ಡು ಕಟ್ಟಿ ಆಗಿದ್ದರೆ ಮೊದಲು ನೋಡಬೇಕಾದ್ದು ಹಣ ಯಾರ ಖಾತೆಗೆ ಹೋಗಿದೆ ಎಂಬುದನ್ನು. ಎಷ್ಟೋ ಸಲ ಅದು ಕಂಪನಿಗೆ ಹೋಗಿರುವುದಿಲ್ಲ. ಸೀನಿಯರ್ ತನ್ನ ಬಳಿ ಮೊದಲೇ ಕೊಂಡಿಟ್ಟ ಇ-ಪಿನ್ (ಐಡಿ ತೆರೆಯುವ ಕೋಡ್) ಹಾಕಿ ಐಡಿ ತೆರೆದು, ನಿಮ್ಮ ದುಡ್ಡನ್ನು ತನ್ನ ಸ್ವಂತ ಯುಪಿಐಗೆ ಹಾಕಿಸಿಕೊಂಡಿರುತ್ತಾನೆ. ಆಗ ಕಂಪನಿ ‘ನಮಗೆ ಬಂದಿಲ್ಲ’ ಎನ್ನುತ್ತದೆ, ಬಿಲ್ಲಿನ ಮೊತ್ತವೂ ಬೇರೆ ಇರುತ್ತದೆ. ಪಾವತಿಯ ಯುಟಿಆರ್ ನಂಬರ್, ವಾಟ್ಸ್ಆ್ಯಪ್ ಮಾತುಕತೆ (ಚಾಟ್ ಎಕ್ಸ್‌ಪೋರ್ಟ್ ಮಾಡಿ, ಸ್ಕ್ರೀನ್‌ಶಾಟ್ ಒಂದನ್ನೇ ನಂಬಬೇಡಿ), ಪ್ಲಾನಿನ ಪಿಡಿಎಫ್, ಝೂಮ್ ಕಾಲ್‌ನ ಲಿಂಕು, ಡ್ಯಾಶ್‌ಬೋರ್ಡ್‌ನ ಚಿತ್ರ ಎಲ್ಲವನ್ನೂ ಗ್ರೂಪಿನಿಂದ ಹೊರಬರುವ ಮೊದಲೇ ತೆಗೆದಿಡಬೇಕು. ಜಗಳವಾಡಿದ ಮರುಕ್ಷಣ ಗ್ರೂಪಿನಿಂದ ತೆಗೆದು ಲಾಗಿನ್ ಮುಚ್ಚುತ್ತಾರೆ. ಆಮೇಲೆ ಕಂಪನಿಗೆ ಇಮೇಲ್‌ನಲ್ಲಿ ರದ್ದತಿ. 2021ರ ನಿಯಮಗಳಲ್ಲಿ ‘ಕೂಲಿಂಗ್ ಆಫ್’ ಅವಧಿ ಇದೆ, ಅದರೊಳಗೆ ದಂಡವಿಲ್ಲದೆ ಒಪ್ಪಂದದಿಂದ ಹೊರಬರಬಹುದು. ಎಷ್ಟು ದಿನ ಎಂಬುದನ್ನು ಒಪ್ಪಂದದಲ್ಲಿ ಹುಡುಕಬೇಕು. ಸರಕಿನ ಡಬ್ಬದ ಸೀಲ್ ಒಡೆಯಬೇಡಿ. ‘ಇವತ್ತೇ ಓಪನ್ ಮಾಡಿ ಬಳಸಿ, ಆಗ್ಲೇ ನಂಬಿಕೆ ಬರೋದು’ ಎಂದು ಅವಸರ ಮಾಡುವುದರ ಹಿಂದೆ ವಾಪಸಾತಿಯ ಲೆಕ್ಕವಿದೆ.

ದೂರು ಕೊಟ್ಟರೆ ಕಂಪನಿಯ ಕುಂದುಕೊರತೆ ಅಧಿಕಾರಿ ಕೆಲಸದ 48 ಗಂಟೆಗಳೊಳಗೆ ಸ್ವೀಕೃತಿ ಕೊಡಬೇಕು. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆ್ಯಪ್ ಅಥವಾ ಆನ್‌ಲೈನ್ ಟಾಸ್ಕ್‌ಗಳ ಮೂಲಕ ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು, ಹಣ ಇನ್ನೂ ಖಾತೆಯಲ್ಲಿದ್ದರೆ ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ಬೆಂಗಳೂರಿನಲ್ಲಿ ವಿಭಾಗಕ್ಕೊಂದು ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಇದೆ. ಠಾಣೆಯಲ್ಲಿ ‘ನೀವೇ ಇಷ್ಟಪಟ್ಟು ಕೊಟ್ಟಿದ್ದೀರಲ್ಲ, ಇದು ಸಿವಿಲ್ ಮ್ಯಾಟರ್’ ಎಂಬ ಮಾತು ಬರಬಹುದು. ದೂರಿನ ಅರ್ಜಿಯಲ್ಲೇ 1978ರ ಕಾಯ್ದೆಯ 3 ಮತ್ತು 4ನೇ ಕಲಮು, ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ಎಂದು ಬರೆದು, ‘ಜನರನ್ನು ಸೇರಿಸಿದರೆ ಇಷ್ಟು ಹಣ’ ಎಂಬ ಸಾಲು ಇರುವ ಪ್ಲಾನಿನ ಪುಟವನ್ನು ಮೇಲಿಟ್ಟು ಕೊಟ್ಟರೆ ಆ ಮಾತಿನ ತೂಕ ಇಳಿಯುತ್ತದೆ. ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಅಲ್ಲಿ ಕಂಪನಿ ‘ಇವರು ಗ್ರಾಹಕರಲ್ಲ, ಲಾಭಕ್ಕೆ ಸೇರಿದವರು’ ಎಂದು ವಾದಿಸುತ್ತದೆ, ಹೊಟ್ಟೆಪಾಡಿನ ಸ್ವಯಂ ಉದ್ಯೋಗಕ್ಕಾಗಿ ಎಂಬುದನ್ನು ಅರ್ಜಿಯಲ್ಲೇ ಹೇಳಿರಬೇಕು.

ಇದರ ನಡುವೆ ಸೀನಿಯರ್ ಒಂದು ಸಂಧಾನ ತರುತ್ತಾನೆ: ‘ರಿಫಂಡ್ ಆಗಲ್ಲ ಬ್ರೋ, ನಿಮ್ಮ ಐಡಿ ಇನ್ನೊಬ್ಬರಿಗೆ ಟ್ರಾನ್ಸ್‌ಫರ್ ಮಾಡಿ, ಅವ್ರ ಹತ್ರ ದುಡ್ಡು ತಗೊಳ್ಳಿ.’ ಒಪ್ಪಿದರೆ ದುಡ್ಡು ಬರಬಹುದು. ಬಂದ ಕ್ಷಣಕ್ಕೆ ನೀವು ದೂರುದಾರರ ಸಾಲಿನಿಂದ ಸೇರಿಸಿದವರ ಸಾಲಿಗೆ ಹೋಗಿರುತ್ತೀರಿ.

ಮನೆಯವರೇ ಒಳಗಿದ್ದರೆ ಕೆಲಸ ನಿಧಾನದ್ದು. ಭಾವನೋ ತಮ್ಮನೋ ಸೆಮಿನಾರಿನಿಂದ ಬಂದ ರಾತ್ರಿ ಕಂಪನಿಯ ವಿಷಯ ಎತ್ತಿ ವಾದಕ್ಕಿಳಿದರೆ ಅವರಿಗೆ ಅದರ ಅಭ್ಯಾಸವಿದೆ, ನಿಮಗಿಲ್ಲ. ಕಂಪನಿ ಸರಿಯೋ ತಪ್ಪೋ ಎಂಬುದನ್ನು ಪಕ್ಕಕ್ಕಿಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಹನ್ನೆರಡು ತಿಂಗಳ ಒಂದು ಹಾಳೆ ಮಾಡಲು ಜೊತೆಗೆ ಕೂರಿ. ಒಂದು ಕಡೆ ಬಂದ ಕಮಿಷನ್, ಇನ್ನೊಂದು ಕಡೆ ಜಾಯಿನಿಂಗ್, ಮರುಖರೀದಿ, ಟಿಕೆಟ್, ಕಾಫಿ, ಪೆಟ್ರೋಲ್, ಕಂತು, ಮನೆಯವರ ಹೆಸರಲ್ಲಿ ಹಾಕಿದ ಐಡಿಗಳು. ಅಂಕಿಗಳನ್ನು ಅವರ ಕೈಯಲ್ಲೇ ಬರೆಸಿ, ಕೂಡುವಾಗ ಮಾತಾಡಬೇಡಿ. ಆ ದಿನವೇ ಬಿಟ್ಟುಬಿಡು ಎಂದು ಹಟ ಹಿಡಿಯುವುದಕ್ಕಿಂತ ಎರಡು ಸಣ್ಣ ಒಪ್ಪಂದ ಮಾಡಿಕೊಳ್ಳುವುದು ನಡೆಯುವ ಮಾತು: ಮುಂದಿನ ತಿಂಗಳ ಆಟೊ-ಡೆಬಿಟ್ ಮರುಖರೀದಿ ನಿಲ್ಲಿಸಬೇಕು, ಹೊಸದಾಗಿ ಯಾರನ್ನೂ ಸೇರಿಸಬಾರದು. ಮರುಖರೀದಿ ನಿಂತ ತಿಂಗಳೇ ಕಮಿಷನ್ನೂ ನಿಲ್ಲುತ್ತದೆ, ಸೀನಿಯರ್‌ನ ಫೋನುಗಳು ಎರಡು ಮೂರು ವಾರ ಜೋರಾಗಿ ಬಂದು ಆಮೇಲೆ ಕಡಿಮೆಯಾಗುತ್ತವೆ. ಸಾಲದ ಕಂತನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬಾರದು. ಅವರ ಕೆಳಗಿರುವ ರೂಮ್‌ಮೇಟ್‌ಗೂ ಊರಿನ ಹುಡುಗರಿಗೂ ಅವರೇ ಫೋನು ಮಾಡಿ, ಕೂಲಿಂಗ್ ಆಫ್ ಅವಧಿ ಇನ್ನೂ ಯಾರಿಗೆ ಉಳಿದಿದೆಯೋ ಅವರಿಂದ ಮೊದಲು ರದ್ದತಿಯ ಇಮೇಲ್ ಹಾಕಿಸಬೇಕು.